ನೆಟ್ ಇಲ್ದೆ ಲಿನಕ್ಸ್ ಲ್ಯಾಪ್‌ಟಾಪ್‌ಗೆ ವೈಫೈ ಡ್ರೈವರ್ ಹಾಕೋದು: ಯಾವ ದಾರಿ ಯಾರಿಗೆ ಸರಿ

ಲಿನಕ್ಸ್ ಇನ್‌ಸ್ಟಾಲ್ ಆಯ್ತು, ಡೆಸ್ಕ್‌ಟಾಪ್ ಬಂತು, ಎಲ್ಲಾ ಚೆನ್ನಾಗಿದೆ ಅಂತ ಮೂಲೆಲಿ ವೈಫೈ ಐಕಾನ್ ಹುಡುಕ್ತೀರ, ಅದೊಂದೇ ಇಲ್ಲ. ಡ್ರೈವರ್ ಹಾಕೋಣ ಅಂದ್ರೆ ನೆಟ್ ಬೇಕು, ನೆಟ್ ಬೇಕಂದ್ರೆ ಡ್ರೈವರ್ ಬೇಕು. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡ ಹಾಗೆ. ಆಗ ಹೆಚ್ಚಿನವರು ಮಾಡೋ ಮೊದಲನೇ ಕೆಲ್ಸ ಏನಂದ್ರೆ ಇನ್ನೊಂದು ಕಂಪ್ಯೂಟರ್‌ಗೆ ಹೋಗಿ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹಾಕಿ "ಲಿನಕ್ಸ್ ವೈಫೈ ಡ್ರೈವರ್" ಅಂತ ಹುಡುಕಿ, ಸಿಕ್ಕಿದ್ದೆಲ್ಲಾ ಪೆನ್‌ಡ್ರೈವ್‌ಗೆ ತುಂಬ್ಕೊಂಡು ಬರೋದು. ವಿಂಡೋಸ್‌ನಿಂದ ಬಂದ ಅಭ್ಯಾಸ ಅದು, ಲಿನಕ್ಸ್‌ನಲ್ಲಿ ಅದು ಬಹಳ ಸಲ ಕಷ್ಟದ ದಾರಿ. ನಾನೂ ಅದೇ ದಾರಿಲಿ ಒಂದಿಡೀ ದಿನ ಕಳ್ಕೊಂಡಿದೀನಿ, ಅದನ್ನ ಕೆಳಗೆ ಹೇಳ್ತೀನಿ. ಡ್ರೈವರ್‌ನ ಲ್ಯಾಪ್‌ಟಾಪ್ ಹತ್ರ ಹೊತ್ಕೊಂಡು ಬರೋಕ್ಕಿಂತ ಹತ್ತು ನಿಮಿಷಕ್ಕೆ ನೆಟ್‌ನೇ ಲ್ಯಾಪ್‌ಟಾಪ್ ಹತ್ರ ತರೋದು ಸುಲಭ, ಅದು ಆಗೋದೇ ಇಲ್ಲ ಅಂದಾಗ ಮಾತ್ರ ಪೆನ್‌ಡ್ರೈವ್. ನನ್ನ ಅಭಿಪ್ರಾಯ ಇಷ್ಟೇ, ಉಳಿದದ್ದೆಲ್ಲ ಯಾಕೆ ಮತ್ತು ಹೇಗೆ ಅನ್ನೋದು.

ಇನ್ನೊಂದ್ ಮಾತು, ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಟರ್ಮಿನಲ್‌ನಲ್ಲಿ ಹೊಡೆಯೋವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡ್ಕೊಳ್ಳಿ.

ಮೊದ್ಲು ಏನು ಇಲ್ಲ ಅಂತ ಗೊತ್ತಾಗ್ಲಿ

ದಾರಿ ಆರಿಸೋಕೆ ಮುಂಚೆ ಐದು ನಿಮಿಷ ಇದಕ್ಕೆ ಕೊಡಿ. ಮೊದಲು 'ಆರ್‌ಎಫ್‌ಕಿಲ್ ಲಿಸ್ಟ್' ಹೊಡೀರಿ. ವೈಫೈ ಮುಂದೆ ಸಾಫ್ಟ್ ಬ್ಲಾಕ್ಡ್ ಅಥವಾ ಹಾರ್ಡ್ ಬ್ಲಾಕ್ಡ್ ಅನ್ನೋದಕ್ಕೆ ಯೆಸ್ ಅಂತಿದ್ರೆ ಸಾಮಾನ್ಯವಾಗಿ ಡ್ರೈವರ್ ಇದೆ ಅಂತ ಅರ್ಥ, ಯಾರೋ ಫ್ಲೈಟ್ ಮೋಡ್ ಕೀ ಒತ್ತಿದಾರೆ ಇಲ್ಲಾ ಪಕ್ಕದ ಸ್ವಿಚ್ ಆಫ್ ಆಗಿದೆ ಅಷ್ಟೆ. ಇದನ್ನ ನೋಡ್ದೆ ಮೂರು ಸಲ ಓಎಸ್ ಮತ್ತೆ ಮತ್ತೆ ಹಾಕಿದವರನ್ನ ನೋಡಿದೀನಿ.

ಆಮೇಲೆ 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ'. ಉದ್ದ ಪಟ್ಟಿ ಬರುತ್ತೆ, ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅನ್ನೋ ಸಾಲು ಹುಡುಕಿ. ಚಿಪ್ ಹೆಸರು ಇರುತ್ತೆ, ಕೊನೆಗೆ ಚೌಕ ಬ್ರಾಕೆಟ್ ಒಳಗೆ ನಾಲ್ಕು ಅಕ್ಷರ, ಕೋಲನ್, ಮತ್ತೆ ನಾಲ್ಕು ಅಕ್ಷರದ ನಂಬರ್ ಇರುತ್ತೆ, ಉದಾಹರಣೆಗೆ 14ಇ4:4365 ಅಂದ್ರೆ ಬ್ರಾಡ್‌ಕಾಮ್ ಬಿಸಿಎಂ43142, 10ಇಸಿ ಅಂತ ಶುರುವಾದ್ರೆ ರಿಯಲ್‌ಟೆಕ್, 8086 ಆದ್ರೆ ಇಂಟೆಲ್, 14ಸಿ3 ಆದ್ರೆ ಮೀಡಿಯಾಟೆಕ್. ಈ ನಂಬರ್‌ನ ಫೋನ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಲ್ಯಾಪ್‌ಟಾಪ್ ಮಾಡೆಲ್ ಹೆಸರು ನಂಬ್ಬೇಡಿ, ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಬ್ಯಾಚ್‌ಗೆ ಬೇರೆ ಬೇರೆ ವೈಫೈ ಕಾರ್ಡ್ ಹಾಕಿರ್ತಾರೆ, ನಂಬರ್ ಮಾತ್ರ ಸುಳ್ಳು ಹೇಳಲ್ಲ. ಅದೇ ಸಾಲಿನ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಅಂತ ಇದ್ಯಾ ಇಲ್ವಾ ನೋಡಿ.

ಇದ್ದು ಕೂಡ ವೈಫೈ ಬರ್ತಿಲ್ಲ ಅಂದ್ರೆ ಸಾಮಾನ್ಯವಾಗಿ ಫರ್ಮ್‌ವೇರ್ ಸಮಸ್ಯೆ. ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆ. ಡ್ರೈವರ್ ಅಂದ್ರೆ ಕರ್ನಲ್ (ಲಿನಕ್ಸ್‌ನ ತಿರುಳು, ಹಾರ್ಡ್‌ವೇರ್ ನೋಡ್ಕೊಳ್ಳೋ ಭಾಗ) ಒಳಗೆ ಓಡೋ ಕೋಡು. ಫರ್ಮ್‌ವೇರ್ ಅಂದ್ರೆ ಆ ಡ್ರೈವರ್ ಎತ್ಕೊಂಡು ಹೋಗಿ ಚಿಪ್ ಒಳಗೆ ಹಾಕೋ ಒಂದು ಫೈಲು, ಚಿಪ್ ಒಳಗಿನ ಪುಟ್ಟ ಪ್ರೊಸೆಸರ್ ಓಡೋದು ಅದರಿಂದ. ಇಂಟೆಲ್, ಮೀಡಿಯಾಟೆಕ್, ಈಗಿನ ರಿಯಲ್‌ಟೆಕ್ ಚಿಪ್‌ಗಳಿಗೆಲ್ಲ ಡ್ರೈವರ್ ಕರ್ನಲ್ ಜೊತೆನೇ ಬಂದಿರುತ್ತೆ, ಫೈಲ್ ಮಾತ್ರ /ಲಿಬ್/ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಇರ್ಬೇಕು. ಇಲ್ದೆ ಹೋದ್ರೆ 'ಸುಡೊ ಡಿಎಂಇಎಸ್‌ಜಿ' ಹೊಡೆದಾಗ ಫರ್ಮ್‌ವೇರ್ ಲೋಡ್ ಫೇಲ್ ಆಯ್ತು, ಎರರ್ -2 ಅಂತ ಸಾಲು ಕಾಣುತ್ತೆ. -2 ಅಂದ್ರೆ ಫೈಲೇ ಇಲ್ಲ ಅಂತ, ಬೇರೇನಲ್ಲ. ಯಾವ ಫೈಲ್ ಬೇಕು ಅನ್ನೋ ಹೆಸರು ಅದೇ ಸಾಲಲ್ಲಿ ಪೂರ್ತಿ ಇರುತ್ತೆ, ಅದನ್ನೂ ಫೋಟೋ ತೆಗೀರಿ. ಆದ್ರೆ ಇಂಟೆಲ್ ಕಾರ್ಡ್ ಇದ್ದವರು ಒಂದು ಗಮನಿಸಿ, ಅದರ ಡ್ರೈವರ್ ಹೊಸ ವರ್ಶನ್ ಫೈಲಿಂದ ಶುರುಮಾಡಿ ಹಳೇದರ ಕಡೆ ಒಂದೊಂದೇ ಹುಡುಕ್ತಾ ಬರುತ್ತೆ, ಹಾಗಾಗಿ ನಾಲ್ಕೈದು ಫೇಲ್ ಸಾಲು ಬಂದು ಆಮೇಲೆ ಒಂದು ಲೋಡ್ ಆಯ್ತು ಅಂತ ಇದ್ರೆ ಅದು ಸಮಸ್ಯೆನೇ ಅಲ್ಲ.

ಡ್ರೈವರ್ ಇನ್ ಯೂಸ್ ಸಾಲೇ ಇಲ್ಲ, ಇಲ್ಲಾ ಬ್ರಾಡ್‌ಕಾಮ್‌ನಲ್ಲಿ ಬಿಸಿಎಂಎ-ಪಿಸಿಐ-ಬ್ರಿಡ್ಜ್ ಅಂತ ಮಾತ್ರ ಇದೆ ಅಂದ್ರೆ ಎರಡು ಸಾಧ್ಯತೆ. ಒಂದು, ಚಿಪ್ ಹೊಸದು, ಕರ್ನಲ್ ಹಳೇದು. ಇಂಟೆಲ್ ಎಎಕ್ಸ್210ಗೆ ಕರ್ನಲ್ 5.10 ಬೇಕು, ಮೀಡಿಯಾಟೆಕ್ ಎಂಟಿ7922ಗೆ 5.16, ರಿಯಲ್‌ಟೆಕ್ ಆರ್‌ಟಿಎಲ್8852ಬಿಇಗೆ 6.2. ಡೆಬಿಯನ್ 12 ಜೊತೆ ಬರೋದು 6.1, ಅಂದ್ರೆ ಆ ಕೊನೇ ಚಿಪ್ ಇರೋ ಲ್ಯಾಪ್‌ಟಾಪ್‌ಗೆ ಡೆಬಿಯನ್ 12 ಹಾಕಿ ಎಷ್ಟು ಫರ್ಮ್‌ವೇರ್ ತುಂಬಿದ್ರೂ ವೈಫೈ ಬರಲ್ಲ, ಕರ್ನಲ್‌ನೇ ಬದಲಾಯಿಸ್ಬೇಕು. ಎರಡನೇದು, ಚಿಪ್‌ಗೆ ಕರ್ನಲ್‌ನಲ್ಲಿ ಸರಿಯಾದ ಡ್ರೈವರೇ ಇಲ್ಲ, ಹೊರಗಿಂದ ತರ್ಬೇಕು. ಬ್ರಾಡ್‌ಕಾಮ್‌ನ ಬಿಸಿಎಂ43142, ಬಿಸಿಎಂ4360 ಈ ಜಾತಿಗೆ ಸೇರಿದ್ದು.

ಮೊದಲನೇ ಆಯ್ಕೆ: ಫೋನು ಮತ್ತು ಕೇಬಲ್

ಫೋನ್‌ನ ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಚುಚ್ಚಿ, ಫೋನ್ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಅಂಡ್ ಟೆಥರಿಂಗ್ ಒಳಗೆ ಹೋಗಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಅಷ್ಟೇ. ಲ್ಯಾಪ್‌ಟಾಪ್ ಕಣ್ಣಿಗೆ ಫೋನು ಒಂದು ಲ್ಯಾನ್ ಕಾರ್ಡ್ ಥರ ಕಾಣುತ್ತೆ, ಅದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲಿ ವರ್ಷಗಳಿಂದ ಇದೆ, ಫರ್ಮ್‌ವೇರ್ ಬೇಕಾಗೇ ಇಲ್ಲ. ಎರಡ್ ಮೂರು ಸೆಕೆಂಡಲ್ಲಿ ಮೂಲೆಲಿ ವೈರ್ಡ್ ಕನೆಕ್ಷನ್ ಐಕಾನ್ ಬರುತ್ತೆ. 'ಐಪಿ ಲಿಂಕ್' ಹೊಡೆದ್ರೆ ಯುಎಸ್‌ಬಿ0 ಅಂತಲೋ ಇಎನ್‌ಎಕ್ಸ್ ಅಂತ ಶುರುವಾಗೋ ಉದ್ದ ಹೆಸರೋ ಕಾಣುತ್ತೆ, ಅದೇ ಫೋನು. ನೆಟ್ ಬಂದ್ಮೇಲೆ ಮೇಲೆ ನೋಡಿದ್ರಲ್ಲಿ ಏನು ಕಮ್ಮಿ ಇತ್ತೋ, ಫರ್ಮ್‌ವೇರೋ ಡ್ರೈವರೋ ಹೊಸ ಕರ್ನಲ್ಲೋ, ಅದರ ಪ್ಯಾಕೇಜ್‌ನ ಮಾಮೂಲಿ ಥರ ಹಾಕ್ಕೊಳ್ಳಿ.

ಹಾಟ್‌ಸ್ಪಾಟ್ ಆನ್ ಮಾಡಿದ್ರೆ ಆಗಲ್ವಾ ಅಂತ ಕೇಳ್ತಾರೆ. ಆಗಲ್ಲ, ಹಾಟ್‌ಸ್ಪಾಟ್ ಹಿಡಿಯೋಕೂ ವೈಫೈ ಬೇಕಲ್ವಾ, ಕೇಬಲ್‌ನ ದಾರಿನೇ ಬೇರೆ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳು ವೈಫೈಗೆ ಕನೆಕ್ಟ್ ಆಗಿದ್ರೆ ಟೆಥರಿಂಗ್‌ನಲ್ಲಿ ಆ ವೈಫೈನೇ ಲ್ಯಾಪ್‌ಟಾಪ್‌ಗೆ ದಾಟಿಸುತ್ವೆ, ಮೊಬೈಲ್ ಡೇಟಾ ಒಂದು ಹನಿನೂ ಖರ್ಚಾಗಲ್ಲ, ಸಿಮ್ ಇಲ್ದಿರೋ ಹಳೇ ಫೋನ್ ಆದ್ರೂ ಸಾಕು. ಅಂದ್ರೆ ಡ್ರಾಯರ್‌ನಲ್ಲಿ ಬಿದ್ದಿರೋ ಸ್ಕ್ರೀನ್ ಒಡೆದ ಫೋನೇ ನಿಮಗೆ ವೈಫೈ ಅಡಾಪ್ಟರ್. ಐಫೋನ್‌ನಲ್ಲಿ ಹೀಗಿಲ್ಲ, ಪರ್ಸನಲ್ ಹಾಟ್‌ಸ್ಪಾಟ್ ಮೊಬೈಲ್ ಡೇಟಾ ಮಾತ್ರ ಹಂಚುತ್ತೆ, ಜೊತೆಗೆ ಲಿನಕ್ಸ್ ಕಡೆ ಯುಎಸ್‌ಬಿಮಕ್ಸ್‌ಡಿ ಅನ್ನೋ ಪ್ಯಾಕೇಜ್ ಇರ್ಬೇಕು, ಫೋನ್‌ನಲ್ಲಿ ಈ ಕಂಪ್ಯೂಟರ್‌ನ ನಂಬೋದಾ ಅಂತ ಕೇಳಿದಾಗ ಹೂಂ ಅನ್ಬೇಕು. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಆ ಪ್ಯಾಕೇಜ್ ಸಾಮಾನ್ಯವಾಗಿ ಇದ್ದೇ ಇರುತ್ತೆ, ಮಿನಿಮಲ್ ಇನ್‌ಸ್ಟಾಲ್‌ನಲ್ಲಿ ಇಲ್ದೆ ಇರ್ಬೋದು. ಎರಡೂ ಥರದ ಫೋನ್ ಕೈಲಿದ್ರೆ ಆಂಡ್ರಾಯ್ಡ್ ತಗೊಳ್ಳಿ.

ಟೆಥರಿಂಗ್ ಸ್ವಿಚ್ ಬೂದು ಬಣ್ಣದಲ್ಲೇ ಕೂತಿದ್ರೆ ತೊಂಬತ್ತು ಪಾಲು ಕೇಬಲ್ ತಪ್ಪು. ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತೆ, ಡೇಟಾ ತಂತಿ ಇರಲ್ಲ, ಫೋನ್ ಚಾರ್ಜ್ ಆಗ್ತಾ ಇರುತ್ತೆ, ಲ್ಯಾಪ್‌ಟಾಪ್‌ಗೆ ಮಾತ್ರ ಏನೂ ಗೊತ್ತಾಗಲ್ಲ. ಕೇಬಲ್ ಬದಲಾಯಿಸಿ ನೋಡಿ, ಆಮೇಲೆ ಬೇರೆ ಯೋಚನೆ. ಇನ್ನೊಂದು, ಮೊಬೈಲ್ ಡೇಟಾದಲ್ಲಿ ಮಾಡ್ತಿದ್ರೆ ಕನೆಕ್ಷನ್ ಸೆಟ್ಟಿಂಗ್ಸ್‌ನಲ್ಲಿ ಮೀಟರ್ಡ್ (ಡೇಟಾ ಲೆಕ್ಕದ್ದು) ಅಂತ ಟಿಕ್ ಹಾಕಿ, ಇಲ್ಲಾಂದ್ರೆ ಹೊಸದಾಗಿ ಹಾಕಿದ ಸಿಸ್ಟಮ್ ಹಿಂದುಗಡೆ ಅಪ್‌ಡೇಟ್ ಎಳ್ಕೊಳ್ಳೋಕೆ ಶುರು ಮಾಡುತ್ತೆ, ಉಬುಂಟುನ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಒಂದೇ ಕೆಲವು ನೂರು ಎಂಬಿ ಇದೆ.

ಬ್ಲೂಟೂತ್ ಟೆಥರಿಂಗೂ ಇದೆ, ಆದ್ರೆ ತುಂಬಾ ನಿಧಾನ, ಮೇಲಾಗಿ ವೈಫೈ ಮತ್ತು ಬ್ಲೂಟೂತ್ ಒಂದೇ ಕಾರ್ಡ್‌ನಲ್ಲಿರೋದ್ರಿಂದ ಅದಕ್ಕೂ ಫರ್ಮ್‌ವೇರ್ ಇಲ್ದೆ ಇರ್ಬೋದು. ಕೇಬಲ್ ಸಿಗ್ಲೇ ಇಲ್ಲ ಅಂದಾಗ ಮಾತ್ರ.

ಲ್ಯಾನ್ ಕೇಬಲ್, ಇನ್ನೊಂದು ಲ್ಯಾಪ್‌ಟಾಪ್

ಲ್ಯಾಪ್‌ಟಾಪ್‌ಗೆ ಲ್ಯಾನ್ ಪೋರ್ಟ್ ಇದ್ದು ರೂಟರ್ ಹತ್ತಿರ ಇದ್ರೆ ಫೋನೂ ಬೇಡ, ನೇರ ಚುಚ್ಚಿ. ಪೋರ್ಟ್ ಇಲ್ದಿದ್ರೆ ಯುಎಸ್‌ಬಿ-ಲ್ಯಾನ್ ಅಡಾಪ್ಟರ್ ಬರುತ್ತೆ, ರಿಯಲ್‌ಟೆಕ್ ಆರ್‌ಟಿಎಲ್8153 ಅಥವಾ ಎಸಿಕ್ಸ್ ಎಎಕ್ಸ್88179 ಚಿಪ್ ಇರೋದಾದ್ರೆ ಕರ್ನಲ್‌ನಲ್ಲೇ ಡ್ರೈವರ್ ಇದೆ, ಹಾಕಿದ ತಕ್ಷಣ ಓಡುತ್ತೆ. ಪದೇ ಪದೇ ಬೇರೆ ಬೇರೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕೋರು ಇಂಥದ್ದೊಂದು ಬ್ಯಾಗ್‌ನಲ್ಲಿ ಇಟ್ಕೊಂಡ್ರೆ ಒಳ್ಳೇದು.

ರೂಟರ್ ದೂರ ಇದೆ, ಆದ್ರೆ ನೆಟ್ ಇರೋ ಇನ್ನೊಂದು ಲ್ಯಾಪ್‌ಟಾಪ್ ಪಕ್ಕದಲ್ಲಿದೆ ಅಂದ್ರೆ ಎರಡರ ನಡುವೆ ಲ್ಯಾನ್ ಕೇಬಲ್ ಹಾಕಿ. ಆ ಕಡೆ ಲಿನಕ್ಸ್ ಇದ್ರೆ ವೈರ್ಡ್ ಕನೆಕ್ಷನ್‌ನ ಐಪಿವಿ4 ಟ್ಯಾಬ್‌ನಲ್ಲಿ "ಶೇರ್ಡ್ ಟು ಅದರ್ ಕಂಪ್ಯೂಟರ್ಸ್" ಆರಿಸಿ, ಈ ಕಡೆಗೆ 10.42.0 ಅಂತ ಶುರುವಾಗೋ ಅಡ್ರೆಸ್ ಬರುತ್ತೆ. ಆ ಕಡೆ ವಿಂಡೋಸ್ ಇದ್ರೆ ವೈಫೈ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಟ್ಯಾಬ್, ಆಗ 192.168.137 ಅಂತ ಬರುತ್ತೆ. ಕ್ರಾಸ್ ಕೇಬಲ್ ಬೇಕು ಅಂತ ಹಳಬರು ಹೇಳ್ತಾರೆ, ಗಿಗಾಬಿಟ್ ಪೋರ್ಟ್‌ಗಳಿಗೆ ಬೇಕಿಲ್ಲ.

ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಒಳಗೇ ಇರ್ಬೋದು

ಇದನ್ನ ಮರೆತು ಜನ ಎಲ್ಲೆಲ್ಲೋ ಹುಡುಕ್ತಾರೆ. ಉಬುಂಟು ಐಎಸ್ಓ (ಪೆನ್‌ಡ್ರೈವ್‌ಗೆ ಹಾಕಿದ ಇನ್‌ಸ್ಟಾಲ್ ಫೈಲು) ಒಳಗೆ ಪೂಲ್ ಅನ್ನೋ ಫೋಲ್ಡರ್ ಇರುತ್ತೆ, ಅದರೊಳಗೆ ರಿಸ್ಟ್ರಿಕ್ಟೆಡ್ ಅನ್ನೋದು, ಅಲ್ಲಿ ಬ್ರಾಡ್‌ಕಾಮ್‌ಗೆ ಬೇಕಾದ ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್ ಪ್ಯಾಕೇಜ್ ಇದ್ಯಾ ಅಂತ ಮೊದಲು ನೋಡಿ, ಅದು ಕೇಳೋ ಡಿಕೆಎಂಎಸ್ (ನಿಮ್ಮ ಕರ್ನಲ್‌ಗೆ ತಕ್ಕ ಹಾಗೆ ಡ್ರೈವರ್‌ನ ಸೋರ್ಸ್‌ನಿಂದ ಬಿಲ್ಡ್ ಮಾಡೋ ಟೂಲ್) ಪೂಲ್‌ನ ಮೇನ್ ಫೋಲ್ಡರ್‌ನಲ್ಲಿ ಸಿಗುತ್ತೆ. ಇನ್‌ಸ್ಟಾಲ್ ಮಾಡುವಾಗ ಥರ್ಡ್ ಪಾರ್ಟಿ ಸಾಫ್ಟ್‌ವೇರ್ ಹಾಕೋದಾ ಅಂತ ಕೇಳೋ ಟಿಕ್‌ನ ಬಿಟ್ಟವರಿಗೇ ಈ ತೊಂದರೆ ಹೆಚ್ಚು. ಲಿನಕ್ಸ್ ಮಿಂಟ್ ಇನ್ನೂ ಒಂದು ಹೆಜ್ಜೆ ಮುಂದೆ, ನೆಟ್ ಇಲ್ದಿದ್ರೆ ಡ್ರೈವರ್ ಮ್ಯಾನೇಜರ್‌ನೇ ಲೈವ್ (ಇನ್‌ಸ್ಟಾಲ್ ಮಾಡ್ದೇನೇ ನೇರ ಓಡ್ಸೋಕಾಗೋ) ಪೆನ್‌ಡ್ರೈವ್ ಚುಚ್ಚಿ ಅಂತ ಕೇಳಿ ಅದರಿಂದಲೇ ತಗೊಳ್ಳುತ್ತೆ.

ಡೆಬಿಯನ್ ವಿಷಯದಲ್ಲಿ ಹಳೇ ಸಲಹೆ ನಂಬ್ಬೇಡಿ. ಫರ್ಮ್‌ವೇರ್ ಇರೋ ಬೇರೆ ಐಎಸ್ಓ ಹುಡುಕಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಫರ್ಮ್‌ವೇರ್ ಇಡಿ ಅಂತೆಲ್ಲ ಇನ್ನೂ ಓದೋಕೆ ಸಿಗುತ್ತೆ. 2022ರ ಅಕ್ಟೋಬರ್‌ನಲ್ಲಿ ಡೆಬಿಯನ್ ಡೆವಲಪರ್‌ಗಳು ವೋಟ್ ಹಾಕಿ ತೀರ್ಮಾನ ಮಾಡಿದ್ರು, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರ್ ಒಳಗೇ ಫರ್ಮ್‌ವೇರ್ ಇದೆ. ಹಾಗಾಗಿ ಡೆಬಿಯನ್ 11 ಪೆನ್‌ಡ್ರೈವ್ ಹಿಡ್ಕೊಂಡು ಒದ್ದಾಡ್ತಾ ಇದ್ರೆ, ಇನ್ನೂ ಏನೂ ಸೆಟಪ್ ಮಾಡಿಲ್ಲ ಅಂದ್ರೆ, ಹೊಸ ಐಎಸ್ಓ ಹಾಕಿ ಮತ್ತೆ ಇನ್‌ಸ್ಟಾಲ್ ಮಾಡೋದೇ ಎಲ್ಲಕ್ಕಿಂತ ಬೇಗ. ಕರ್ನಲ್ ಹಳೇದಾಗಿರೋ ತೊಂದರೆಗೂ ಇದೇ ಮದ್ದು, 2025ರ ಡೆಬಿಯನ್ 13ರಲ್ಲಿ 6.12 ಇದೆ, ಉಬುಂಟು 24.04 ಶುರುವಾದದ್ದೇ 6.8ರಲ್ಲಿ. ಫೆಡೋರಾದಲ್ಲಿ ಫರ್ಮ್‌ವೇರ್ ಎಲ್ಲಾ ಇರುತ್ತೆ, ಆದ್ರೆ ಬ್ರಾಡ್‌ಕಾಮ್‌ನ ಆ ಮುಚ್ಚಿದ (ಪೂರ್ತಿ ಸೋರ್ಸ್ ಕೊಡದ) ಡ್ರೈವರ್ ಇರಲ್ಲ, ಅದು ಆರ್‌ಪಿಎಂ ಫ್ಯೂಷನ್ ಅನ್ನೋ ಹೊರಗಿನ ಸಂಗ್ರಹದಿಂದ ಬರ್ಬೇಕು, ಬ್ರಾಡ್‌ಕಾಮ್ ಇದ್ದು ಫೆಡೋರಾ ಬೇಕು ಅಂದ್ರೆ ಫೋನ್ ಕೇಬಲ್ ರೆಡಿ ಇಟ್ಕೊಳ್ಳಿ.

ಲೈವ್ ಪೆನ್‌ಡ್ರೈವ್‌ನಿಂದ ಒಳಗೆ ಹೋಗೋದು

ನನಗೆ ತುಂಬಾ ಇಷ್ಟದ ದಾರಿ ಇದು, ಫೋನ್ ಕೇಬಲ್ ಆಗದೇ ಇದ್ದಾಗ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಆಗಿರೋ ಸಿಸ್ಟಮ್‌ಗೆ ವೈಫೈ ಇಲ್ಲ, ಆದ್ರೆ ಬೇರೆ ಯಾವುದೋ ಹೊಸ ಡಿಸ್ಟ್ರೋ (ಉಬುಂಟು, ಫೆಡೋರಾ ಥರದ ಒಂದು ಲಿನಕ್ಸ್) ಲೈವ್ ಬೂಟ್ ಮಾಡಿದಾಗ ವೈಫೈ ಬರುತ್ತೆ ಅಂತಾದ್ರೆ, ಆ ಲೈವ್‌ನಲ್ಲಿ ನೆಟ್ ಕನೆಕ್ಟ್ ಮಾಡ್ಕೊಂಡು, ನಿಮ್ಮ ರೂಟ್ ಪಾರ್ಟಿಷನ್‌ನ /ಎಂಎನ್‌ಟಿಗೆ ಮೌಂಟ್ ಮಾಡಿ, ಅದರೊಳಗೆ /ಡೆವ್, /ಪ್ರಾಕ್, /ಸಿಸ್, /ರನ್ ನಾಲ್ಕನ್ನೂ ಬೈಂಡ್ ಮೌಂಟ್ ಮಾಡಿ, 'ಸುಡೊ ಸಿಎಚ್‌ರೂಟ್ /ಎಂಎನ್‌ಟಿ' ಅಂದ್ರೆ ನೀವು ನಿಮ್ಮ ಸಿಸ್ಟಮ್ ಒಳಗೇ ಇದೀರ, ನೆಟ್ ಮಾತ್ರ ಲೈವ್‌ದು. ಈಗ ಮಾಮೂಲಿ ಥರ ಆಪ್ಟ್ ಇನ್‌ಸ್ಟಾಲ್. ಡಿಪೆಂಡೆನ್ಸಿ (ಒಂದು ಪ್ಯಾಕೇಜ್‌ಗೆ ಬೇಕಾದ ಬೇರೆ ಪ್ಯಾಕೇಜ್‌ಗಳು) ತಲೆನೋವು ಒಂದೂ ಇಲ್ಲ.

ಒಂದು ಕಡೆ ಹುಷಾರು. ಈ ಹೊತ್ತಲ್ಲಿ ಓಡ್ತಿರೋದು ಲೈವ್‌ನ ಕರ್ನಲ್, ನಿಮ್ಮದಲ್ಲ. ಡಿಕೆಎಂಎಸ್ ಡ್ರೈವರ್ ಹಾಕ್ತಿದ್ರೆ ಕೊನೆಗೆ 'ಡಿಕೆಎಂಎಸ್ ಸ್ಟೇಟಸ್' ಹೊಡೆದು ನಿಮ್ಮ ಕರ್ನಲ್ ನಂಬರ್ ಮುಂದೆನೇ ಇನ್‌ಸ್ಟಾಲ್ಡ್ ಅಂತ ಇದ್ಯಾ ನೋಡಿ, ಇಲ್ಲಾಂದ್ರೆ -ಕೆ ಹಾಕಿ ನಂಬರ್ ಕೊಟ್ಟು ಬಿಲ್ಡ್ ಮಾಡಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ ಮೊದಲು ಅನ್‌ಲಾಕ್ ಮಾಡ್ಬೇಕು. ಟರ್ಮಿನಲ್ ಅಂದ್ರೆ ಹೆದರೋರಿಗೆ ಈ ದಾರಿ ಹೇಳಲ್ಲ, ಬೇರೆಯವರಿಗೆ ಪೆನ್‌ಡ್ರೈವ್ ಹೊರೋಕ್ಕಿಂತ ಇದೇ ಎಷ್ಟೋ ಮೇಲು.

ಪೆನ್‌ಡ್ರೈವ್‌ನಲ್ಲಿ ಹೊತ್ಕೊಂಡು ಬರೋದು

ಇದರಲ್ಲಿ ಎರಡು ಬಗೆ ಇದೆ, ಎರಡನ್ನೂ ಒಂದೇ ಅಂತ ತಿಳ್ಕೋಬಾರ್ದು.

ಫರ್ಮ್‌ವೇರ್ ಮಾತ್ರ ಬೇಕಾದ್ರೆ ಸುಲಭ. ಡೆಬಿಯನ್‌ನಲ್ಲಿ ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ, ಫರ್ಮ್‌ವೇರ್-ರಿಯಲ್‌ಟೆಕ್ ಅಂತ ಬೇರೆ ಬೇರೆ ಪುಟ್ಟ ಪ್ಯಾಕೇಜ್‌ಗಳಿವೆ, ಒಂದು ಡೆಬ್ ಫೈಲ್ (ಡೆಬಿಯನ್, ಉಬುಂಟುಗಳ ಪ್ಯಾಕೇಜ್ ಫೈಲು) ತಂದು ಇನ್‌ಸ್ಟಾಲ್ ಮಾಡಿ ರೀಬೂಟ್ ಮಾಡಿದ್ರೆ ಮುಗೀತು. ಅಥವಾ ಕರ್ನಲ್ ಡಾಟ್ ಆರ್ಗ್‌ನ ಲಿನಕ್ಸ್-ಫರ್ಮ್‌ವೇರ್ ಸಂಗ್ರಹದಿಂದ ಎರರ್‌ನಲ್ಲಿ ಕಂಡ ಹೆಸರಿನ ಫೈಲೊಂದನ್ನೇ ತಂದು /ಲಿಬ್/ಫರ್ಮ್‌ವೇರ್ ಒಳಗೆ ಅದೇ ಸಬ್‌ಫೋಲ್ಡರ್‌ಗೆ ಹಾಕ್ಬೋದು. ಮೀಡಿಯಾಟೆಕ್‌ನವಕ್ಕೆ ಮೀಡಿಯಾಟೆಕ್ ಅನ್ನೋ ಫೋಲ್ಡರ್ ಒಳಗೇ ಇರ್ಬೇಕು, ಎಂಟಿ7922ಗೆ ಒಂದಲ್ಲ, ಪ್ಯಾಚ್ ಅಂತ ಒಂದು ರ‍್ಯಾಮ್ ಕೋಡ್ ಅಂತ ಒಂದು, ಎರಡು ಫೈಲ್ ಬೇಕು. ನಿಮ್ಮ ಫೋಲ್ಡರ್‌ನಲ್ಲಿರೋ ಬೇರೆ ಫೈಲ್‌ಗಳ ಕೊನೇಲಿ ಎಕ್ಸ್‌ಝಡ್ ಅಥವಾ ಝಡ್‌ಎಸ್‌ಟಿ ಅಂತಿದ್ರೆ ಗಾಬರಿ ಬೇಡ, ಅವು ಕಂಪ್ರೆಸ್ ಮಾಡಿದವು, ನೀವು ಹಾಗೇ ಹಾಕಿದ್ರೂ ಕರ್ನಲ್ ಓದುತ್ತೆ. ಇಡೀ ಫರ್ಮ್‌ವೇರ್ ಫೋಲ್ಡರ್‌ನೇ ಇನ್ನೊಂದು ಲಿನಕ್ಸ್ ಮಷೀನ್‌ನಿಂದ ಕಾಪಿ ಮಾಡೋರು ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ತನ್ನಿ, ಅದರಲ್ಲಿ ತುಂಬಾ ಸಿಮ್‌ಲಿಂಕ್ (ಬೇರೆ ಫೈಲ್ ಕಡೆ ಕೈ ತೋರಿಸೋ ಗುರುತು) ಇದಾವೆ, ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಸಿಮ್‌ಲಿಂಕ್ ಉಳಿಯಲ್ಲ.

ಡ್ರೈವರ್‌ನೇ ಬಿಲ್ಡ್ ಮಾಡ್ಬೇಕಾದ್ರೆ ಕಷ್ಟ ಶುರು. ನಾನು ಒಂದು ದಿನ ಕಳ್ಕೊಂಡಿದ್ದು ಇಲ್ಲೇ. ಡೆಬಿಯನ್ 12, ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್ ಹಾಕ್ಬೇಕಿತ್ತು, ಪ್ಯಾಕೇಜ್ ಪೇಜ್‌ನಿಂದ ಡೆಬ್ ತಂದೆ, ಡಿಕೆಎಂಎಸ್ ಬೇಕು ಅಂತು. ಎದ್ದು ಹೋಗಿ ಅದನ್ನ ತಂದೆ, ಜಿಸಿಸಿ ಬೇಕು ಮೇಕ್ ಬೇಕು ಅಂತು, ಅದನ್ನ ತಂದ್ರೆ ಲಿಬ್‌ಸಿ6-ಡೆವ್ ಬೇಕು, ಹೀಗೆ ನಾಲ್ಕೈದು ಸಲ ಓಡಾಡಿ ಎಲ್ಲಾ ಸೇರಿಸಿ ಹೆಡರ್ಸೂ (ಬಿಲ್ಡ್‌ಗೆ ಬೇಕಾದ ಕರ್ನಲ್‌ನ ಫೈಲ್‌ಗಳು) ತಂದ್ಮೇಲೂ ಬಿಲ್ಡ್ ಆಗ್ಲಿಲ್ಲ. ನೋಡಿದ್ರೆ ಲ್ಯಾಪ್‌ಟಾಪ್‌ನಲ್ಲಿ ಓಡ್ತಿದ್ದ ಕರ್ನಲ್ 6.1.0-13, ನಾನು ತಂದ ಹೆಡರ್ಸ್ 6.1.0-18. ಐಎಸ್ಓ ಕೆಲವು ತಿಂಗಳು ಹಳೇದು, ರೆಪಾಸಿಟರಿ ಮುಂದೆ ಹೋಗಿತ್ತು, 13ರ ಹೆಡರ್ಸ್ ಅಲ್ಲಿ ಇರ್ಲೇ ಇಲ್ಲ. ಕೊನೆಗೆ 18ರ ಲಿನಕ್ಸ್-ಇಮೇಜ್ ಪ್ಯಾಕೇಜ್‌ನೂ ತಂದು ಹಾಕಿ ಆ ಕರ್ನಲ್‌ನಲ್ಲಿ ಬೂಟ್ ಮಾಡಿದ್ಮೇಲೆ ಬಿಲ್ಡ್ ಆಯ್ತು. ಸಂಜೆ ಗೊತ್ತಾಗಿದ್ದೇನಂದ್ರೆ ಬೆಳಿಗ್ಗೆಯಿಂದ ಜೇಬಲ್ಲಿದ್ದ ಫೋನ್‌ನಲ್ಲಿ ಟೆಥರಿಂಗ್ ಇತ್ತು.

ಹಾಗಾಗಿ ಈ ದಾರಿಗೆ ಇಳಿಯೋರು ಮೊದಲು 'ಯುನೇಮ್ -ಆರ್' ಹೊಡೆದು ಬಂದ ನಂಬರ್ ಕೊನೇ ಅಂಕಿವರೆಗೂ ಬರ್ಕೊಳ್ಳಿ. ಡೆಬಿಯನ್‌ನಲ್ಲಿ ಹೆಡರ್ಸ್ ಅಂದ್ರೆ ಒಂದೇ ಪ್ಯಾಕೇಜ್ ಅಲ್ಲ, ಎಎಂಡಿ64 ಅನ್ನೋದು, ಕಾಮನ್ ಅನ್ನೋದು, ಲಿನಕ್ಸ್-ಕೆಬಿಲ್ಡ್ ಅನ್ನೋದು, ಕಂಪೈಲರ್ ಪ್ಯಾಕೇಜು, ಎಲ್ಲಾ ಸೇರ್ಬೇಕು. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಹೆಡರ್ಸ್ ಮಾಮೂಲಿ ಜೊತೆಗೇ ಬಂದಿರುತ್ತೆ, ಅದೊಂದು ನೆಮ್ಮದಿ.

ಡಿಪೆಂಡೆನ್ಸಿನ ಕೈಯಲ್ಲಿ ಲೆಕ್ಕ ಹಾಕೋಕೆ ಹೋಗ್ಬೇಡಿ. ನೆಟ್ ಇರೋ ಇನ್ನೊಂದು ಕಂಪ್ಯೂಟರ್‌ನಲ್ಲಿ ನೀವು ಇನ್‌ಸ್ಟಾಲ್ ಮಾಡಿದ ಅದೇ ಐಎಸ್ಓನ ಲೈವ್ ಬೂಟ್ ಮಾಡಿ, ಅಲ್ಲಿ 'ಆಪ್ಟ್-ಗೆಟ್ ಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ' ಅಂತ ಕೊಟ್ಟು ಪ್ಯಾಕೇಜ್ ಹೆಸರು ಹಾಕಿ. ಲೈವ್‌ನಲ್ಲಿ ಏನಿದೆಯೋ ಹೆಚ್ಚುಕಮ್ಮಿ ಅದೇ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇರೋದ್ರಿಂದ ಏನೇನು ಕಮ್ಮಿ ಇದೆಯೋ ಅಷ್ಟನ್ನ ಆಪ್ಟ್ ತಾನೇ ಲೆಕ್ಕ ಹಾಕಿ /ವಾರ್/ಕ್ಯಾಶೆ/ಆಪ್ಟ್/ಆರ್ಕೈವ್ಸ್ ಒಳಗೆ ಇಳಿಸುತ್ತೆ. ಆ ಡೆಬ್‌ಗಳನ್ನೆಲ್ಲ ಕಾಪಿ ಮಾಡ್ಕೊಂಡು ಬಂದು ಆ ಫೋಲ್ಡರ್‌ನಲ್ಲಿ ನಿಂತು 'ಸುಡೊ ಆಪ್ಟ್ ಇನ್‌ಸ್ಟಾಲ್ ./*.ಡೆಬ್'. ಒಂದೇ ಸಲಕ್ಕೆ ಆಗುತ್ತೆ. ಆಪ್ಟ್-ಆಫ್‌ಲೈನ್ ಅಂತ ಇದಕ್ಕೇ ಒಂದು ಟೂಲ್ ಇದೆ, ಒಳ್ಳೇದೇ, ಆದ್ರೆ ಅದನ್ನೇ ಮೊದಲು ನೆಟ್ ಇಲ್ದ ಲ್ಯಾಪ್‌ಟಾಪ್‌ಗೆ ಹಾಕ್ಬೇಕು, ವರ್ಷಗಟ್ಟಲೆ ಆಫ್‌ಲೈನ್ ಇರೋ ಮಷೀನ್‌ಗಾದ್ರೆ ಸರಿ, ಒಂದು ವೈಫೈ ಡ್ರೈವರ್‌ಗೆ ಬೇಡ. ಫೆಡೋರಾದವರಿಗೆ 'ಡಿಎನ್‌ಎಫ್ ಡೌನ್‌ಲೋಡ್ --ರಿಸಾಲ್ವ್' ಇದೆ.

ಹಳೇ ಬ್ರಾಡ್‌ಕಾಮ್ ಚಿಪ್‌ಗಳಿಗೆ ಬಿ43 ಅನ್ನೋ ಕರ್ನಲ್ ಡ್ರೈವರ್ ಓಡುತ್ತೆ, ಅದಕ್ಕೆ ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಪ್ಯಾಕೇಜ್ ಹಾಕಿ ಅಂತಾರೆ. ಆ ಪ್ಯಾಕೇಜ್ ಒಳಗೆ ಫರ್ಮ್‌ವೇರ್ ಇಲ್ಲ! ಹೆಸರೇ ಹೇಳೋ ಹಾಗೆ ಅದು ಇನ್‌ಸ್ಟಾಲರ್ ಮಾತ್ರ, ಹಾಕಿದಾಗ ನೆಟ್‌ನಿಂದ ಡೌನ್‌ಲೋಡ್ ಮಾಡೋಕೆ ಹೋಗುತ್ತೆ, ನೆಟ್ ಇಲ್ಲ, ಫೇಲ್. ಇದನ್ನ ಆಫ್‌ಲೈನ್ ಮಾಡ್ಬೇಕಂದ್ರೆ ಬ್ರಾಡ್‌ಕಾಮ್‌ನ ಹಳೇ ಡ್ರೈವರ್ ಫೈಲ್‌ನ ಬೇರೆಯಾಗಿ ತಂದು ಬಿ43-ಎಫ್‌ಡಬ್ಲ್ಯುಕಟ್ಟರ್‌ನಲ್ಲಿ ಕತ್ತರಿಸಿ ತೆಗೀಬೇಕು. ಇಂಥ ಚಿಪ್ ಇದ್ರೆ ದಯವಿಟ್ಟು ಟೆಥರಿಂಗ್ ಮಾಡಿ.

ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕೋಡ್‌ನ ತಡೆಯೋ ಬಯೋಸ್ ಸೆಟ್ಟಿಂಗ್) ಆನ್ ಇದ್ರೆ ನೀವು ಬಿಲ್ಡ್ ಮಾಡಿದ ಡ್ರೈವರ್‌ನ ಕರ್ನಲ್ ಒಳಗೆ ಬಿಡಲ್ಲ, ಕೀ ರಿಜೆಕ್ಟ್ ಆಯ್ತು ಅಂತ ಎರರ್ ಕೊಡುತ್ತೆ. ಪ್ಯಾಕೇಜ್ ಹಾಕೋವಾಗ ಒಂದು ಪಾಸ್‌ವರ್ಡ್ ಕೇಳುತ್ತೆ ಇಲ್ಲಾ ನೀವೇ ಮೊಕ್‌ಯುಟಿಲ್‌ನಲ್ಲಿ ಕೀ ಇಂಪೋರ್ಟ್ ಮಾಡ್ತೀರ, ರೀಬೂಟ್ ಆದಾಗ ನೀಲಿ ಸ್ಕ್ರೀನ್ ಬರುತ್ತೆ, ಅದು ಕೆಲವೇ ಸೆಕೆಂಡ್ ಕಾಯುತ್ತೆ, ಆಗ್ಲೇ ಒಂದು ಕೀ ಒತ್ತಿ ಎನ್‌ರೋಲ್ ಎಂಓಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡ್ಬೇಕು. ಕಾಫಿ ತರೋಕೆ ಹೋದ್ರೆ ಅದು ದಾಟಿ ಹೋಗುತ್ತೆ, ಮತ್ತೆ ಮೊದಲಿಂದ ಇಂಪೋರ್ಟ್. ಬರೀ ಫರ್ಮ್‌ವೇರ್ ಹಾಕೋರಿಗೆ ಈ ತಾಪತ್ರಯ ಇಲ್ಲ.

ಡಾಂಗಲ್ ತಗೊಳ್ಳೋದಾ, ಕಾರ್ಡೇ ಬದಲಾಯಿಸೋದಾ

ಒಳಗಿನ ಕಾರ್ಡ್‌ಗೆ ಡ್ರೈವರ್ ಇದ್ರೂ ಪದೇ ಪದೇ ಕೈ ಕೊಡ್ತಿದೆ ಅಂದ್ರೆ ಮಾತ್ರ ಈ ಯೋಚನೆ. ಬ್ರಾಡ್‌ಕಾಮ್‌ನ ಮುಚ್ಚಿದ ಡ್ರೈವರ್‌ನ ಕೊನೇ ವರ್ಶನ್ 2015ರದ್ದು, ಅಲ್ಲಿಂದ ಇಲ್ಲಿವರೆಗೆ ಡಿಸ್ಟ್ರೋದವರು ತೇಪೆ ಹಚ್ಚಿ ಹಚ್ಚಿ ಹೊಸ ಕರ್ನಲ್‌ಗೆ ಹೊಂದಿಸ್ತಾ ಬಂದಿದಾರೆ, ಕರ್ನಲ್ ಅಪ್‌ಡೇಟ್ ಆದಾಗ ಒಂದೊಂದ್ಸಲ ಬಿಲ್ಡ್ ಒಡೆಯುತ್ತೆ.

ಡಾಂಗಲ್‌ನಲ್ಲಿ ಚಿಪ್ ನೋಡಿ ತಗೊಳ್ಳಿ, ಡಬ್ಬಿ ಮೇಲೆ ಲಿನಕ್ಸ್ ಸಪೋರ್ಟ್ ಅಂತ ಬರೆದಿದ್ದು ನೋಡಿ ಅಲ್ಲ. ಅಥೆರಾಸ್ ಎಆರ್9271 ಹಳೇದು, 2.4 ಗಿಗಾಹರ್ಟ್ಸ್ ಮಾತ್ರ, ಆದ್ರೆ ಅದರ ಫರ್ಮ್‌ವೇರ್ ಕೂಡ ಓಪನ್ ಸೋರ್ಸ್, ತುಂಬಾ ನಂಬಿಕಸ್ಥ. ಸ್ಪೀಡ್ ಬೇಕಂದ್ರೆ ಮೀಡಿಯಾಟೆಕ್ ಎಂಟಿ7612ಯು, ಇನ್ನೂ ಹೊಸದು ಬೇಕಂದ್ರೆ ಎಂಟಿ7921ಎಯು, ಅದಕ್ಕೆ ಕರ್ನಲ್ 5.18 ಇರ್ಲಿ. ಇವಕ್ಕೂ ಫರ್ಮ್‌ವೇರ್ ಫೈಲ್ ಬೇಕು ಅನ್ನೋದು ನೆನಪಿರ್ಲಿ. ಒಂದೇ ಹೆಸರಲ್ಲಿ ಬೇರೆ ಚಿಪ್ ಬರೋದು ಇಲ್ಲೂ ಇದೆ, ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಎನ್722ಎನ್ ವರ್ಶನ್ 1ರಲ್ಲಿ ಆ ಅಥೆರಾಸ್ ಚಿಪ್, ವರ್ಶನ್ 2ರಿಂದ ರಿಯಲ್‌ಟೆಕ್. ಇನ್ನು ಕೆಲವು ರಿಯಲ್‌ಟೆಕ್ ಡಾಂಗಲ್‌ಗಳು ಚುಚ್ಚಿದ ತಕ್ಷಣ ಸಿಡಿ ಡ್ರೈವ್ ಥರ ಕಾಣಿಸ್ಕೊಳ್ಳುತ್ವೆ, ಒಳಗೆ ವಿಂಡೋಸ್ ಡ್ರೈವರ್ ಇರುತ್ತೆ, ಎಲ್‌ಎಸ್‌ಯುಎಸ್‌ಬಿಲಿ 0ಬಿಡಿಎ:1ಎ2ಬಿ ಅಂತ ಕಂಡ್ರೆ ಅದೇ. ಆ ಸಿಡಿನ ಇಜೆಕ್ಟ್ ಮಾಡಿ, ಆಗ ವೈಫೈ ಆಗಿ ಬದಲಾಗುತ್ತೆ.

ಕಾರ್ಡ್ ಬದಲಾಯಿಸೋದು ಶಾಶ್ವತ ಪರಿಹಾರ. ಎಂ.2 2230 ಸೈಜ್ ಸ್ಲಾಟ್ ಇದ್ರೆ ಇಂಟೆಲ್ ಎಎಕ್ಸ್210 ಹಾಕಿ, ಎಎಕ್ಸ್211 ತಗೋಬೇಡಿ, ನೋಡೋಕೆ ಒಂದೇ ಥರ ಇದ್ರೂ 211 ಸಿಎನ್‌ವಿಐ ಅನ್ನೋ ಬಗೆಯದು, ಅದಕ್ಕೆ ಹೊಂದೋ ಇಂಟೆಲ್ ಪ್ರೊಸೆಸರ್ ಇರೋ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುತ್ತೆ. ಆಂಟೆನಾ ಕನೆಕ್ಟರ್ ತುಂಬಾ ನಾಜೂಕು, ನೇರ ಮೇಲಕ್ಕೆ ಎತ್ತಿ, ಓರೆ ಎಳೀಬೇಡಿ. ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಬಯೋಸ್ ತನಗೆ ಗೊತ್ತಿರೋ ಕಾರ್ಡ್ ಬಿಟ್ಟು ಬೇರೆಯದನ್ನ ಒಪ್ಪಲ್ಲ, ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡ್ ಬೋರ್ಡ್‌ಗೇ ಬೆಸುಗೆ ಆಗಿರುತ್ತೆ, ತಗೊಳ್ಳೋ ಮುಂಚೆ ತೆಗೆದು ನೋಡಿ.

ಎನ್‌ಡಿಐಎಸ್‌ವ್ರಾಪರ್ ಹಾಕಿ ವಿಂಡೋಸ್ ಡ್ರೈವರ್‌ನೇ ಓಡ್ಸಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಅದು ವಿಂಡೋಸ್ ಎಕ್ಸ್‌ಪಿ ಕಾಲದ ಡ್ರೈವರ್‌ಗಳಿಗೆ ಇದ್ದ ಉಪಾಯ.

ಹಾಗಾದ್ರೆ ನಿಮಗೆ ಯಾವುದು

ಕೈಲಿ ಆಂಡ್ರಾಯ್ಡ್ ಫೋನು ಡೇಟಾ ಕೇಬಲ್ ಇದ್ರೆ ಬೇರೇನೂ ಓದ್ಬೇಕಾಗಿಲ್ಲ, ಚಿಪ್ ಯಾವುದಾದ್ರೂ ಸರಿ. ಫೋನ್ ಇಲ್ಲ, ಉಬುಂಟು ಅಥವಾ ಮಿಂಟ್, ಬ್ರಾಡ್‌ಕಾಮ್ ಚಿಪ್ ಅಂದ್ರೆ ಇನ್‌ಸ್ಟಾಲ್ ಪೆನ್‌ಡ್ರೈವ್. ಇಂಟೆಲ್ ಇಲ್ಲಾ ಮೀಡಿಯಾಟೆಕ್, ಎರರ್ -2 ಅಂದ್ರೆ ಒಂದೆರಡು ಫರ್ಮ್‌ವೇರ್ ಫೈಲ್ ಹೊತ್ಕೊಂಡು ಬಂದ್ರೆ ಸಾಕು. ಚಿಪ್ ಹೊಸದು ಕರ್ನಲ್ ಹಳೇದು ಅಂದ್ರೆ, ಸಿಸ್ಟಮ್ ಈಗಷ್ಟೇ ಇನ್‌ಸ್ಟಾಲ್ ಮಾಡಿದ್ದಾದ್ರೆ ಹೊಸ ಐಎಸ್ಓ ಹಾಕಿ, ಫೈಲ್‌ಗಳೆಲ್ಲ ತುಂಬ್ಕೊಂಡಿದ್ರೆ ಲೈವ್‌ನಿಂದ ಸಿಎಚ್‌ರೂಟ್ ಮಾಡಿ ಬ್ಯಾಕ್‌ಪೋರ್ಟ್ಸ್ ಕರ್ನಲ್ (ಹಳೇ ಡೆಬಿಯನ್‌ಗೆ ಅಂತ ಕೊಡೋ ಹೊಸ ಕರ್ನಲ್) ಹಾಕಿ. ಹತ್ತು ಲ್ಯಾಪ್‌ಟಾಪ್‌ಗೆ ಒಂದೇ ಥರ ಹಾಕ್ಬೇಕು, ಅಲ್ಲಿ ನೆಟ್ ಇರೋದೇ ಇಲ್ಲ ಅಂತಾದ್ರೆ ಆಗ ಡೆಬ್‌ಗಳ ಪೆನ್‌ಡ್ರೈವ್ ಮಾಡಿಟ್ಕೊಳ್ಳೋದು ನಿಜವಾಗ್ಲೂ ಸರಿ, ಒಂದು ಸಲದ ಶ್ರಮ ಹತ್ತು ಕಡೆ ಬರುತ್ತೆ.

ವೈಫೈ ಬಂದ್ಮೇಲೆ, ಡಿಕೆಎಂಎಸ್ ದಾರಿಲಿ ಬಂದವರು ಒಂದು ಕೆಲ್ಸ ಮಾಡಿ, ನಂಬರ್ ಇರೋ ಹೆಡರ್ಸ್ ಪ್ಯಾಕೇಜ್ ಮಾತ್ರ ಇದ್ರೆ ಅದರ ಜೊತೆ ಡೆಬಿಯನ್‌ನಲ್ಲಿ ಲಿನಕ್ಸ್-ಹೆಡರ್ಸ್-ಎಎಂಡಿ64, ಉಬುಂಟುನಲ್ಲಿ ಲಿನಕ್ಸ್-ಹೆಡರ್ಸ್-ಜೆನೆರಿಕ್ ಹಾಕ್ಕೊಳ್ಳಿ. ಮುಂದಿನ ಕರ್ನಲ್ ಅಪ್‌ಡೇಟ್ ಬಂದಾಗ ಹೆಡರ್ಸೂ ಜೊತೆಗೇ ಬರುತ್ತೆ, ಡ್ರೈವರ್ ತಾನೇ ಮತ್ತೆ ಬಿಲ್ಡ್ ಆಗುತ್ತೆ. ಅಪ್‌ಡೇಟ್ ಆದ್ಮೇಲೆ ರೀಬೂಟ್ ಮಾಡೋ ಮುಂಚೆ ಒಂದ್ಸಲ 'ಡಿಕೆಎಂಎಸ್ ಸ್ಟೇಟಸ್' ನೋಡಿ, ಹೊಸ ನಂಬರ್ ಮುಂದೆ ಇನ್‌ಸ್ಟಾಲ್ಡ್ ಅಂತ ಇಲ್ದಿದ್ರೆ ನೆಟ್ ಇರೋವಾಗ್ಲೇ ಸರಿ ಮಾಡ್ಕೊಳ್ಳಿ. ಹಳೇ ಕರ್ನಲ್‌ನೂ ತೆಗೀಬೇಡಿ, ಗ್ರಬ್ ಮೆನುಲಿ (ಬೂಟ್ ಆಗೋವಾಗ ಬರೋ ಪಟ್ಟಿ) ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ ಅದು ಇರ್ಲಿ, ವೈಫೈ ಹೋದ ದಿನ ಅದರಿಂದ ಬೂಟ್ ಮಾಡಿ ಕೆಲ್ಸ ಮುಂದುವರಿಸ್ಬೋದು.